ಫೋಟೊ ಅಗ್ಗ, ಹೊಣೆ ದುಬಾರಿ

(ಹಿರಿಯರು ಮೈಸೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡೇ ತಲೆ ನರೆಸಿದವರು. ಕಿರಿಯಳು ಅದೇ ಸ್ಟುಡಿಯೋದಲ್ಲಿ ಲೈಟು ಹಿಡಿದು ಕೆಲಸ ಕಲಿತು, ಈಗ ಬೆಂಗಳೂರಿನಲ್ಲಿ ಸೀರೆ, ಒಡವೆ, ಮಸಾಲೆ ಪುಡಿ, ಹೋಟೆಲ್ ತಿಂಡಿಗಳ ಜಾಹೀರಾತು ಫೋಟೊ ತೆಗೆಯುವವಳು. ಆಷಾಢ ಮಾಸ, ಮದುವೆ ಆರ್ಡರ್ ಇಲ್ಲದ ಹೊತ್ತು.)

ಕಿರಿಯಳು: ಸರ್, ಒಂದು ಕೊಟೇಶನ್ ವಿಷಯ ಕೇಳಬೇಕಿತ್ತು. ಸೀರೆ ಅಂಗಡಿಯವರೊಬ್ಬರು ತಿಂಗಳು ತಿಂಗಳು ಹೊಸ ಮಾಲು ಕಳಿಸೋರು. ಈ ಸಲ ಫೋನ್ ಮಾಡಿ, "ನೀವು ತೆಗೆಯೋ ಒಂದು ಸೀರೆ ದುಡ್ಡಲ್ಲಿ ಎಐನವನು ಇಪ್ಪತ್ತು ಸೀರೆ ಮಾಡಿಕೊಡ್ತಾನೆ. ಮಾಡೆಲ್ ಬೇಡ, ಮೇಕಪ್ ಬೇಡ, ಮಡಚಿಟ್ಟ ಸೀರೆಯನ್ನ ಫೋನಲ್ಲಿ ಹೊಡೆದು ಕಳಿಸಿದ್ರೆ ಸಾಕಂತೆ. ಆ ರೇಟಿಗೆ ಬರ್ತೀರಾ?" ಅಂದ್ರು. ಏನು ಹೇಳಲಿ?

ಹಿರಿಯರು: ನೀನು ಏನು ಹೇಳ್ದೆ?

ಕಿರಿಯಳು: ನಾಳೆ ಹೇಳ್ತೀನಿ ಅಂದೆ. ಮಾರನೇ ದಿನ ಬಸ್ ಹತ್ತಿ ಇಲ್ಲಿಗೆ ಬಂದೆ.

ಹಿರಿಯರು: ಈ ಕಸುಬು ಮುಗೀತು ಅನ್ನೋ ಮಾತು ನನ್ನ ಕಿವಿಗೆ ಹೊಸದಲ್ಲಮ್ಮಾ. ಕಲರ್ ಲ್ಯಾಬ್ ಬಂದಾಗ ಅಂದ್ರು. ಆವರೆಗೆ ಬ್ಲ್ಯಾಕ್ ಅಂಡ್ ವೈಟ್ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿಂದ ಟಚಿಂಗ್ ಮಾಡೋರು ಇದ್ರು. ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲ ಅವರ ಕೈಯಲ್ಲಿ ಮಾಯ. ಒಳ್ಳೆ ಟಚಿಂಗ್ ಆರ್ಟಿಸ್ಟ್ ಇರೋ ಸ್ಟುಡಿಯೋಗೆ ಹೆಣ್ಣಿನ ಕಡೆಯೋರು ಹುಡುಕ್ಕೊಂಡು ಬರ್ತಿದ್ರು, ಗಂಡಿನ ಮನೆಗೆ ಕಳಿಸೋ ಫೋಟೊ ತೆಗೆಸೋಕೆ. ಮಿನಿ ಲ್ಯಾಬ್ ಮಷೀನು ಬಂದು ಗಂಟೆಯೊಳಗೆ ಕಲರ್ ಪ್ರಿಂಟ್ ಕೊಡೋಕೆ ಶುರು ಮಾಡಿದ ಮೇಲೆ ಆ ಪೆನ್ಸಿಲ್ ಕೇಳೋರಿಲ್ಲ.

ಕಿರಿಯಳು: ಆಮೇಲೆ ಡಿಜಿಟಲ್.

ಹಿರಿಯರು: ಅದರ ಕಥೆ ನಿನಗೆ ಗೊತ್ತೇ ಇದೆ. ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಕೊಡ್ಯಾಕ್‌ನ ಎಂಜಿನಿಯರ್ ಸ್ಟೀವ್ ಸ್ಯಾಸನ್, 1975ರಲ್ಲಿ. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯೋಕೆ 23 ಸೆಕೆಂಡ್ ಹಿಡೀತಿತ್ತು. ಅದೇ ಕೊಡ್ಯಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕ್ತು. ನಮ್ಮ ಪಕ್ಕದ ಊಟಿಯಲ್ಲಿ ಸರ್ಕಾರದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಇತ್ತಲ್ಲ, "ಇಂದು" ಅಂತ ಫಿಲ್ಮು, ಪೇಪರು ಮಾಡ್ತಿದ್ರು. ಅದೂ ಬಾಗಿಲು ಹಾಕ್ತು.

ಕಿರಿಯಳು: ಡಿಜಿಟಲ್ ಕ್ಯಾಮೆರಾದ ಕಥೆಯೂ ಅದೇ ಆಯ್ತಲ್ಲ ಸರ್. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕ ನೋಡಿದ್ರೆ, 2010ರಲ್ಲಿ ಜಗತ್ತಿಗೆ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಹೋಗಿದ್ವು. 2021ರಲ್ಲಿ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಮಿಕ್ಕಿದ್ದನ್ನೆಲ್ಲ ಫೋನ್ ನುಂಗ್ತು.

ಹಿರಿಯರು: ನನ್ನಂಥವನ ಅನ್ನಕ್ಕೆ ನಿಜವಾಗಿ ಕಲ್ಲು ಹಾಕಿದ್ದು ಕ್ಯಾಮೆರಾ ಅಲ್ಲ, ಸರ್ಕಾರಿ ಕೌಂಟರು. ಪಾಸ್‌ಪೋರ್ಟ್ ಸೈಜ್ ಫೋಟೊ ಅಂದ್ರೆ ಸ್ಟುಡಿಯೋಗೆ ದಿನದ ಅಕ್ಕಿ ಬೇಳೆ. ಮದುವೆ ಇರಲಿ ಬಿಡಲಿ, ಪರೀಕ್ಷೆ ಅರ್ಜಿ, ಬ್ಯಾಂಕ್ ಖಾತೆ, ಬಸ್ ಪಾಸು ಅಂತ ಜನ ಬರ್ತಾನೇ ಇರೋರು. 2010ರಲ್ಲಿ ಆಧಾರ್ ಶುರುವಾಯ್ತು, ಅಲ್ಲೇ ಕೂರಿಸಿ ವೆಬ್‌ಕ್ಯಾಮಲ್ಲಿ ಹೊಡೆದ್ರು. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೂ ಕೌಂಟರಲ್ಲೇ ಫೋಟೊ. ಪಾಸ್‌ಪೋರ್ಟಿಗೇ ಪಾಸ್‌ಪೋರ್ಟ್ ಫೋಟೊ ಬೇಡ ಅಂದ್ಮೇಲೆ ಇನ್ನೇನು ಉಳೀತು ಹೇಳು.

ಕಿರಿಯಳು: ಆದ್ರೂ ನೀವು ಅಂಗಡಿ ಮುಚ್ಚಲಿಲ್ಲ. ಅದು ಹೇಗೆ ಅಂತ ತಿಳ್ಕೊಳ್ಳೋಕೇ ಬಂದಿದ್ದು.

ಹಿರಿಯರು: ದೊಡ್ಡ ಗುಟ್ಟೇನಿಲ್ಲ. ಪ್ರತಿ ಸಲ ಒಂದೇ ಪ್ರಶ್ನೆ ಕೇಳ್ಕೊಂಡೆ: ಗಿರಾಕಿ ದುಡ್ಡು ಕೊಡ್ತಿದ್ದದ್ದು ಯಾವುದಕ್ಕೆ? ಈ ಪ್ರಶ್ನೆಯನ್ನ ಸರ್ಕಾರವೂ ಕೇಳ್ತು, ಗೊತ್ತಾ? ಫೋಟೊ ತೆಗೆದು, ತೊಳೆದು, ಪ್ರಿಂಟ್ ಕೊಟ್ರೆ ಅದು ಮಾರಾಟವೋ ಸೇವೆಯೋ ಅಂತ ವರ್ಷಗಟ್ಟಲೆ ಕೋರ್ಟಲ್ಲಿ ಜಗಳ. ಮಾರಾಟ ಅಂದ್ರೆ ರಾಜ್ಯಕ್ಕೆ ಸೇಲ್ಸ್ ಟ್ಯಾಕ್ಸ್ ಸಿಗುತ್ತೆ. 2000ದಲ್ಲಿ ರೇನ್‌ಬೋ ಕಲರ್ ಲ್ಯಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದು ಮುಖ್ಯವಾಗಿ ಕಸುಬುದಾರನ ಸೇವೆ, ಕಾಗದದ ಮಾರಾಟ ಅಲ್ಲ ಅಂತು. ಆಮೇಲೆ ನಮ್ಮ ರಾಜ್ಯದ್ದೇ ಪ್ರೊ ಲ್ಯಾಬ್ ಪ್ರಕರಣ ಮೇಲಕ್ಕೆ ಹೋಯ್ತು. 2015ರಲ್ಲಿ ಅದೇ ಕೋರ್ಟು, ಇಲ್ಲ, ಕಾಗದವೂ ಕೈ ಬದಲಾಗುತ್ತೆ, ಆ ಭಾಗದ ಮೇಲೆ ಕರ್ನಾಟಕ ತೆರಿಗೆ ಹಾಕಿದ್ದು ಸರಿ ಅಂತು. ಎರಡು ವರ್ಷಕ್ಕೆ ಜಿಎಸ್‌ಟಿ ಬಂದು ಆ ಜಗಳಕ್ಕೇ ಬೆಲೆ ಇಲ್ಲದ ಹಾಗಾಯ್ತು.

ಕಿರಿಯಳು: ಕೋರ್ಟು ಕಾಗದದ ಲೆಕ್ಕ ಮುಗಿಸೋ ಹೊತ್ತಿಗೆ ಕಾಗದ ಕೇಳೋರೇ ಇರಲಿಲ್ಲ.

ಹಿರಿಯರು: ಅದೇ! ಎಲ್ಲರೂ ಪೆನ್ ಡ್ರೈವ್ ಕೊಡಿ ಅನ್ನೋ ಕಾಲ. ನಮ್ಮ ಹಳೇ ದುಡಿಮೆ ಇದ್ದದ್ದು ಎಲ್ಲಿ ಅಂತೀಯಾ? ಆ ಒಳಗಿನ ಕೋಣೆಯ ಬೀರುವಲ್ಲಿ. ನೆಗೆಟಿವ್ ನಮ್ಮ ಹತ್ರ ಇರ್ತಿತ್ತು. ಮದುವೆ ಆದ ಎಷ್ಟೋ ವರ್ಷಕ್ಕೆ, ಅಜ್ಜಿ ತೀರ್ಕೊಂಡ್ರು, ಗ್ರೂಪ್ ಫೋಟೊದಿಂದ ಅವರೊಬ್ಬರನ್ನೇ ದೊಡ್ಡದು ಮಾಡಿಕೊಡಿ ಅಂತ ಬರೋರು. ತಿಥಿಗೆ ಮುಂಚೆ ಕಟ್ಟು ಹಾಕಿಸಿ ಕೊಡಬೇಕು. ಆ ಎನ್‌ಲಾರ್ಜ್‌ಮೆಂಟಿನ ದುಡ್ಡೇ ಬೇಸರದ ತಿಂಗಳುಗಳನ್ನ ದಾಟಿಸ್ತಿತ್ತು. ಮೆಮೊರಿ ಕಾರ್ಡ್ ಬಂದ ದಿನ ಆ ಬೀರುವಿನ ಕೀಲಿಕೈ ಗಿರಾಕಿ ಕೈಗೆ ಹೋಯ್ತು.

ಕಿರಿಯಳು: ಕಾನೂನು ಪ್ರಕಾರ ಆ ಕೀಲಿಕೈ ಮೊದಲಿಂದ್ಲೂ ಗಿರಾಕಿದೇ ಸರ್. 1957ರ ಕಾಪಿರೈಟ್ ಕಾಯಿದೆ 17ನೇ ಕಲಂ ಓದಿದ್ದೀನಿ. ಸಾಮಾನ್ಯವಾಗಿ ಫೋಟೊ ತೆಗೆದವನೇ ಹಕ್ಕುದಾರ. ಆದ್ರೆ ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ್ರೆ, ಬೇರೆ ಕರಾರು ಇಲ್ಲದಿದ್ರೆ, ಹಕ್ಕು ತೆಗೆಸಿದವರದ್ದು. ನೀವು ನೆಗೆಟಿವ್ ಇಟ್ಕೊಂಡಿದ್ರಿ, ಹಕ್ಕು ಇಟ್ಕೊಂಡಿರಲಿಲ್ಲ.

ಹಿರಿಯರು: ಸ್ಟುಡಿಯೋದವನ ಬಿಲ್ ಬುಕ್ಕಲ್ಲಿ ಕರಾರು ಎಲ್ಲಿಂದ ಬರಬೇಕು? "ಅಡ್ವಾನ್ಸ್, ಬ್ಯಾಲೆನ್ಸ್, ಡೆಲಿವರಿ ತಾರೀಖು" ಇಷ್ಟೇ. ನೀನು ಬರೆಸ್ಕೊಳ್ತೀಯಾ?

ಕಿರಿಯಳು: ಹೋಟೆಲು, ಮಸಾಲೆ ಕಂಪನಿಯವರ ಹತ್ರ ಬರೆಸ್ಕೊಳ್ತೀನಿ. ಒಂದು ವರ್ಷ ವೆಬ್‌ಸೈಟು, ಪ್ಯಾಕೆಟ್ಟು. ಹೋರ್ಡಿಂಗ್ ಹಾಕೋದಾದ್ರೆ ಬೇರೆ ದರ. ಸೀರೆಯವರ ಹತ್ರ ಬಾಯಿಮಾತು. ಈಗ ಅದೇ ತಿರುಗಿ ಬಂದಿದೆ. ನಾನು ತೆಗೆದ ಹಳೇ ಫೋಟೊಗಳನ್ನೇ ಎಐಗೆ ಉಣಿಸಿ ಹೊಸ ಹೊಸ ಮಾಡೆಲ್‌ಗೆ ಉಡಿಸ್ತಿದ್ದಾರೆ. ಬೇಡ ಅನ್ನೋಕೆ ನನ್ನ ಕೈಲಿ ಒಂದು ಚೀಟಿ ಇಲ್ಲ.

ಹಿರಿಯರು: ಚೀಟಿ ವಿಷಯ ಆಮೇಲೆ. ಮೊದಲು ಲೆಕ್ಕ ಹೇಳು. ಆ ರೇಟಿಗೆ ಇಳಿಯೋಕೆ ಆಗುತ್ತಾ ಇಲ್ವಾ? ನಿನ್ನ ಒಂದು ದಿನದ ಅಸಲು ಎಷ್ಟು?

ಕಿರಿಯಳು: ದಿನಕ್ಕೆ ಅಂತ ಹಾಕಿಲ್ಲ...

ಹಿರಿಯರು: ಹಾಗಾದ್ರೆ ಈಗಲೇ ಹಾಕೋಣ, ದುಂಡು ಸಂಖ್ಯೆಯಲ್ಲಿ. ವರ್ಷದಲ್ಲಿ ನಿಜವಾಗಿ ಶೂಟ್ ನಡೆಯೋ ದಿನ ಎಷ್ಟು? ಆಷಾಢದಲ್ಲಿ, ಧನುರ್ಮಾಸದಲ್ಲಿ ಅಂಗಡಿಯವರು ಹೊಸ ಮಾಲು ಕಳಿಸೋದು ಕಮ್ಮಿ. ಎಡಿಟಿಂಗ್ ದಿನ ಬೇರೆ, ಬಾಕಿ ವಸೂಲಿಗೆ ಅಲೆಯೋ ದಿನ ಬೇರೆ. 120 ಅಂತ ಇಟ್ಕೋ. ಕ್ಯಾಮೆರಾ, ಲೆನ್ಸು, ಲೈಟು, ಕಂಪ್ಯೂಟರ್ ಸೇರಿ 6 ಲಕ್ಷ, ನಾಲ್ಕು ವರ್ಷ ಬಾಳಿಕೆ. ವರ್ಷಕ್ಕೆ ಒಂದೂವರೆ ಲಕ್ಷ, ದಿನಕ್ಕೆ 1,250. ಬಾಡಿಗೆ ತಿಂಗಳಿಗೆ 25 ಸಾವಿರ ಅಂದ್ರೆ ದಿನಕ್ಕೆ 2,500. ಇಬ್ಬರು ಹುಡುಗರು, ತಲಾ 18 ಸಾವಿರ; ಅದು ದಿನಕ್ಕೆ 3,600. ನಿನ್ನ ಮನೆಗೆ ತಿಂಗಳಿಗೆ 50 ಸಾವಿರ ಬೇಡ್ವಾ? ದಿನಕ್ಕೆ 5,000.

ಕಿರಿಯಳು: ಒಟ್ಟು 12,350.

ಹಿರಿಯರು: ಮಾಡೆಲ್ಲು, ಮೇಕಪ್ಪು, ಕರೆಂಟು, ಟ್ಯಾಕ್ಸು ಇನ್ನೂ ಸೇರಿಲ್ಲ. ದಿನಕ್ಕೆ 30 ಸೀರೆ ತೆಗೆದ್ರೂ ಒಂದಕ್ಕೆ 400ರ ಮೇಲೆ ಬರೀ ಅಸಲು. ಎಐನವನ ರೇಟಿಗೆ ಇಳಿದ್ರೆ ನಿನ್ನ ಬಾಡಿಗೆಯೂ ಹುಟ್ಟೋದಿಲ್ಲ.

ಕಿರಿಯಳು: ಬಾಳಿಕೆಯೂ ನಾಲ್ಕು ವರ್ಷ ಬರೋದಿಲ್ಲ ಸರ್. ದೊಡ್ಡ ಕ್ಯಾಮೆರಾಗಳ ಶಟರಿಗೆ ಎರಡು ಲಕ್ಷ ಸಲದ ಆಯುಸ್ಸು ಅಂತ ಕಂಪನಿಯೇ ಹೇಳುತ್ತೆ. ಆನ್‌ಲೈನ್ ಮಾಲಿನ ಶೂಟಲ್ಲಿ ದಿನಕ್ಕೆ ಸಾವಿರ ಸಲ ಒತ್ತಿದ್ರೆ ಇನ್ನೂರು ದಿನಕ್ಕೆ ಮುಗೀತು. ಈಗ ಮಿರರ್‌ಲೆಸ್ ಬಂದು, ಎಲೆಕ್ಟ್ರಾನಿಕ್ ಶಟರಲ್ಲಿ ಹೊಡೆದು ಸ್ವಲ್ಪ ಉಸಿರಾಡ್ತಿದ್ದೀವಿ.

ಹಿರಿಯರು: ಹಾಗಾದ್ರೆ ಉತ್ತರ ಸಿಕ್ತಲ್ಲ. ರೇಟಿನ ಜಗಳದಲ್ಲಿ ನೀನು ಗೆಲ್ಲೋದಿಲ್ಲ. ಅವರಿಗೆ "ಆಗೋದಿಲ್ಲ" ಅಂತ ಹೇಳು.

ಕಿರಿಯಳು: ಇಷ್ಟು ಬೇಗ ಕೈ ಬಿಡೋಕೆ ನನಗೆ ಮನಸ್ಸಿಲ್ಲ. ಎಐನವನು ಮಾಡಿದ ಸ್ಯಾಂಪಲ್ ಕಳಿಸಿದ್ರು, ನೋಡಿ. ಇಳಕಲ್ ಸೀರೆ. ಈ ಸೆರಗು ನೋಡಿ.

ಹಿರಿಯರು: ಚೆನ್ನಾಗೇ ಕಾಣ್ತಿದೆಯಲ್ಲ. ಹುಡುಗಿಯೂ ಲಕ್ಷಣವಾಗಿದ್ದಾಳೆ.

ಕಿರಿಯಳು: ದೂರದಿಂದ ಚೆನ್ನ. ಇಳಕಲ್ ಸೀರೆಯ ಮೈಯೇ ಬೇರೆ, ಸೆರಗೇ ಬೇರೆ. ಮೈಯ ಹಾಸಿನ ನೂಲಿಗೆ ಸೆರಗಿನ ರೇಷ್ಮೆ ಹಾಸನ್ನ ಒಂದೊಂದೇ ಕೊಂಡಿ ಹಾಕಿ ಜೋಡಿಸ್ತಾರೆ. ಸೆರಗಲ್ಲಿ ಕೆಂಪು ಪಟ್ಟೆ, ನಡುವೆ ಬಿಳಿ, ಬಾಚಣಿಗೆ ಹಲ್ಲಿನ ಹಾಗೆ ತೆನೆ ಏಳಬೇಕು. ಈ ಚಿತ್ರ ದೊಡ್ಡದು ಮಾಡ್ತೀನಿ ನೋಡಿ. ಎಡಗಡೆ ಹಲ್ಲು ಸರಿಯಿದೆ. ಬಲಕ್ಕೆ ಹೋಗ್ತಾ ಹೋಗ್ತಾ ಎರಡು ಹಲ್ಲು ಅಂಟಿಕೊಂಡು ಹೂವಾಗಿದೆ. ಅಂಚಿನ ಪಟ್ಟಿ ನೆರಿಗೆಯ ಒಳಗೆ ಹೋದದ್ದು ಹೊರಗೆ ಬರುವಾಗ ಅಗಲ ಆಗಿದೆ. ಕೊಂಡಿಯ ಗೆರೆ ಅಂತೂ ಇಲ್ಲವೇ ಇಲ್ಲ. ಇಂಥ ಸೀರೆಯನ್ನ ಯಾರೂ ನೇಯ್ದಿಲ್ಲ ಸರ್. ಇದು ಯಾವ ಮಗ್ಗದ್ದೂ ಅಲ್ಲ.

ಹಿರಿಯರು: ಕೊಳ್ಳೋಳಿಗೆ ಇದು ಗೊತ್ತಾಗುತ್ತಾ?

ಕಿರಿಯಳು: ಫೋನಲ್ಲಿ ನೋಡುವಾಗ ಗೊತ್ತಾಗೋದಿಲ್ಲ. ಪಾರ್ಸೆಲ್ ಬಿಚ್ಚಿದಾಗ ಗೊತ್ತಾಗುತ್ತೆ. ಚಿತ್ರದಲ್ಲಿದ್ದದ್ದೇ ಬೇರೆ, ಬಂದದ್ದೇ ಬೇರೆ ಅಂತ ವಾಪಸ್ ಕಳಿಸ್ತಾಳೆ. ಹೋಗೋ ಬರೋ ಕೊರಿಯರ್ ಖರ್ಚು ಅಂಗಡಿಯವರ ತಲೆ ಮೇಲೆ. ಮಡಿಕೆ ಮುರಿದ ಸೀರೆಯನ್ನ ಮತ್ತೆ ಹೊಸದು ಅಂತ ಮಾರೋದೂ ಕಷ್ಟ. 2020ರ ಇ-ಕಾಮರ್ಸ್ ನಿಯಮದಲ್ಲಿ ಇದೆ: ಜಾಹೀರಾತಲ್ಲಿ ತೋರಿಸಿದ್ದಕ್ಕೂ ಮಾಲಿಗೂ ತಾಳೆ ಆಗಬೇಕು, ತೋರಿಸಿದ ಗುಣ ಇಲ್ಲದ ಮಾಲನ್ನ ವಾಪಸ್ ತಗೊಳ್ಳೋದಿಲ್ಲ ಅನ್ನೋ ಹಾಗಿಲ್ಲ. ಹೊಣೆ ಮಾರೋನದ್ದು. ಎಐನವನು ಚಿತ್ರ ಕೊಟ್ಟು ಹೋಗ್ತಾನೆ, ಹೊಣೆ ಹೊರೋದಿಲ್ಲ.

ಹಿರಿಯರು: ನೀನು ಹೊರ್ತೀಯಾ?

ಕಿರಿಯಳು: ಇಷ್ಟು ದಿನ ಹೊತ್ತಿದ್ದೇ ಅದನ್ನ, ಬಿಲ್ಲಲ್ಲಿ ಬರೆದಿರಲಿಲ್ಲ ಅಷ್ಟೇ. ನೀವೇ ಕಲಿಸಿದ್ದಲ್ವಾ, ಜರಿಗೆ ಎದುರಿಂದ ಫ್ಲ್ಯಾಷ್ ಹೊಡೆದ್ರೆ ಅರ್ಧ ಸುಟ್ಟು ಬೆಳ್ಳಗಾಗುತ್ತೆ, ಮಿಕ್ಕ ಅರ್ಧ ಮಸಿ ಆಗುತ್ತೆ ಅಂತ. ಪಕ್ಕದಿಂದ ದೊಡ್ಡ ಸಾಫ್ಟ್ ಬಾಕ್ಸ್ ತಂದು, ಬೆಳಕು ಬಟ್ಟೆ ಮೇಲೆ ಜಾರಿ ಹೋಗೋ ಹಾಗೆ ಇಟ್ರೆ ನೂಲು ನೂಲಾಗಿ ಕಾಣುತ್ತೆ. ಡಬಲ್ ಶೇಡ್ ಸೀರೆ ಅಂದ್ರೆ ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ. ಒಂದೇ ಫೋಟೊದಲ್ಲಿ ಹಿಡಿಯೋಕಾಗಲ್ಲ, ಎರಡು ಕೋನದಿಂದ ತೆಗೀಬೇಕು. ಕಡುಗೆಂಪು ಅಂತೂ ಕ್ಯಾಮೆರಾಕ್ಕೆ ಆಗದ ಬಣ್ಣ. ಸ್ವಲ್ಪ ಎಕ್ಸ್‌ಪೋಷರ್ ಏರಿದ್ರೆ ಕೆಂಪೆಲ್ಲ ಒಂದೇ ಬಳಿದ ಹಾಗಾಗಿ ನೇಯ್ಗೆ ಮುಚ್ಚಿಹೋಗುತ್ತೆ. ಅದಕ್ಕೇ ಪ್ರತಿ ಸೀರೆಗೆ ಮೊದಲು 24 ಬಣ್ಣದ ಚೌಕಗಳ ಕಾರ್ಡ್ ಇಟ್ಟು ಒಂದು ಫೋಟೊ ಹೊಡೆದು, ಅದಕ್ಕೆ ಸರಿಯಾಗಿ ಬಣ್ಣ ಕೂರಿಸ್ತೀವಿ. ಕೊನೆಗೆ ಸೀರೆಯನ್ನ ಕಿಟಕಿ ಬೆಳಕಿಗೆ ಹಿಡಿದು ಪರದೆ ಪಕ್ಕ ಇಟ್ಟು ತಾಳೆ ನೋಡ್ತೀವಿ. ಗಿರಾಕಿ ದುಡ್ಡು ಕೊಡ್ತಿದ್ದದ್ದು ಯಾವುದಕ್ಕೆ ಅಂದ್ರಲ್ಲ, ನನ್ನ ಉತ್ತರ ಇದು. ಚಿತ್ರಕ್ಕಲ್ಲ. "ಈ ಸೀರೆ ಹೀಗೇ ಇದೆ" ಅಂತ ಒಬ್ಬರು ಕಣ್ಣಾರೆ ನೋಡಿ ಹೇಳಿದ್ದಕ್ಕೆ.

ಹಿರಿಯರು: ಮಾತು ಚೆನ್ನಾಗಿದೆ. ಆದ್ರೆ ವ್ಯಾಪಾರಿಗೆ ಮೊದಲು ಕಾಣೋದು ರೇಟು, ಸಾಕ್ಷಿ ಅಲ್ಲ. ಕೈ ಸುಟ್ಟುಕೊಂಡ ಮೇಲೆ ತಾನೇ ಅವನಿಗೆ ಹೊಣೆಯ ಬೆಲೆ ಗೊತ್ತಾಗೋದು? ಅಷ್ಟರವರೆಗೆ ನಿನ್ನ ಹುಡುಗರ ಸಂಬಳ ಯಾರು ಕೊಡ್ತಾರೆ? ಇನ್ನೊಂದು ವಿಷಯ. ಎಲ್ಲ ಮಾಲಿಗೂ ಈ ಸತ್ಯ ಬೇಕಾಗಿಲ್ಲ. ಪ್ಲಾಸ್ಟಿಕ್ ಬಕೆಟ್ಟಿಗೆ, ಫೋನ್ ಕವರಿಗೆ, ಬಿಳೀ ಹಿನ್ನೆಲೆಯ ಫೋಟೊಗೆ ನಿನ್ನ ಕಣ್ಣು ಯಾಕೆ ಬೇಕು?

ಕಿರಿಯಳು: ಅದೂ ನನ್ನ ಅನ್ನವೇ ಅಲ್ವಾ ಸರ್. ಅಮೆಜಾನಲ್ಲಿ ಮುಖ್ಯ ಫೋಟೊ ಅಪ್ಪಟ ಬಿಳೀ ಹಿನ್ನೆಲೆಯಲ್ಲಿರಬೇಕು, ವಸ್ತು ಚೌಕಟ್ಟಿನ ಶೇಕಡಾ 85ರಷ್ಟು ತುಂಬಬೇಕು ಅಂತ ನಿಯಮ. ಆ ನಿಯಮವೇ ಎಷ್ಟೋ ಜನರಿಗೆ ಕೆಲಸ ಕೊಡ್ತು. ಹಿನ್ನೆಲೆ ಕತ್ತರಿಸೋದೇ ಒಂದು ಉದ್ಯೋಗ ಆಗಿತ್ತು.

ಹಿರಿಯರು: ಆಗಿತ್ತು. ಇನ್ನು ಹೋಗುತ್ತೆ. ಅದನ್ನ ಹಿಡ್ಕೊಂಡು ಎಳೆದಾಡಬೇಡ. ಹಿನ್ನೆಲೆ ತೆಗೆಯೋದು, ನೆರಳು ಹಾಕೋದು, ದೀಪಾವಳಿಗೆ ಒಂದು ಯುಗಾದಿಗೆ ಒಂದು ಅಂತ ಅಲಂಕಾರ ಬದಲಿಸೋದು, ಇವಕ್ಕೆಲ್ಲ ನೀನೇ ಎಐ ಬಳಸು. ನೆಗೆಟಿವ್ ಟಚಿಂಗ್ ಮಾಡ್ತಿದ್ದವರಲ್ಲಿ ಫೋಟೊಶಾಪ್ ಕಲಿತವರು ಉಳ್ಕೊಂಡ್ರು. ಕೈ ಬದಲಾಯ್ತು, ಕಣ್ಣು ಅದೇ. ಪೆನ್ಸಿಲ್ಲೇ ಕಲೆ, ಮೌಸ್ ಮೋಸ ಅಂದವರು ಮನೇಲಿ ಕೂತ್ರು.

ಕಿರಿಯಳು: ಎಲ್ಲಿ ಗೆರೆ ಎಳೆಯೋದು? ನಾನೂ ಎಐ ಬಳಸಿ, ಅದೇ ಬಾಯಲ್ಲಿ "ಇದು ನಿಜ" ಅಂದ್ರೆ ಯಾರು ನಂಬ್ತಾರೆ? 2023ರಲ್ಲಿ ಸೋನಿ ವರ್ಲ್ಡ್ ಫೋಟೊಗ್ರಫಿ ಸ್ಪರ್ಧೆಯಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಗೆದ್ದು, ಇದು ಎಐ ಚಿತ್ರ, ನನಗೆ ಬಹುಮಾನ ಬೇಡ ಅಂದ್ರಲ್ಲ. ಅಂಥ ತೀರ್ಪುಗಾರರಿಗೇ ಆ ಗತಿ.

ಹಿರಿಯರು: ಅದು ಸ್ಪರ್ಧೆ, ಇದು ಸಂತೆ. ಸಂತೆಯಲ್ಲಿ ಗೆರೆ ಎಳೆಯೋದು ಸುಲಭ. ಗಿರಾಕಿ ದುಡ್ಡು ಕೊಟ್ಟು ಮನೆಗೆ ಒಯ್ಯೋದು ಏನನ್ನ? ಸೀರೆಯನ್ನ. ಹಾಗಾದ್ರೆ ಸೀರೆ ಮುಟ್ಟಬಾರದು. ಹಿಂದಿನ ಗೋಡೆಯನ್ನ ಯಾರೂ ಒಯ್ಯೋದಿಲ್ಲ, ಗೋಡೆ ಬೇಕಾದ್ದು ಹಾಕ್ಕೋ. ಮಸಾಲೆ ಪುಡಿ ಪ್ಯಾಕೆಟ್ಟಾದ್ರೆ ಪುಡಿಯ ಬಣ್ಣ ಮುಟ್ಟಬೇಡ, ಪಕ್ಕದ ಒಣಮೆಣಸಿನಕಾಯಿ ಎಲ್ಲಿಂದ ಬಂದ್ರೂ ಪರವಾಗಿಲ್ಲ. ಹೋಟೆಲಾದ್ರೆ ದೋಸೆ ಅವರ ಕಾವಲಿ ಮೇಲಿಂದಲೇ ಬರಬೇಕು.

ಕಿರಿಯಳು: ಮಾಡೆಲ್?

ಹಿರಿಯರು: ಅಲ್ಲಿ ನನಗೂ ಗಂಟಲು ಕಟ್ಟುತ್ತೆ. ಮಾಡೆಲನ್ನೂ ಯಾರೂ ಮನೆಗೆ ಒಯ್ಯೋದಿಲ್ಲ ಅಂತ ಅದೇ ಲೆಕ್ಕ ಹೇಳಬಹುದು. ಆದ್ರೆ ಆ ಹುಡುಗಿಯ ದಿನಗೂಲಿ, ಮೇಕಪ್ಪಿನವಳದ್ದು, ಸೀರೆ ಉಡಿಸೋ ಹೆಂಗಸಿನದ್ದು, ಮೂರು ಹೊಟ್ಟೆ ಇದೆ ಅದರಲ್ಲಿ.

ಕಿರಿಯಳು: ಹೊಟ್ಟೆ ಮಾತು ಬದಿಗಿಟ್ಟರೂ ನಿಮ್ಮ ಲೆಕ್ಕ ಸೀರೆಗೆ ಹೊಂದೋದಿಲ್ಲ ಸರ್. ಸೀರೆ ಬಕೆಟ್ಟಲ್ಲ. ಉಟ್ಟಾಗ ಹೇಗೆ ಬೀಳುತ್ತೆ ಅನ್ನೋದೂ ಮಾಲಿನ ಗುಣವೇ. ಗಂಜಿ ಹಾಕಿದ ಹತ್ತಿ ನೆರಿಗೆ ಎದ್ದು ನಿಲ್ಲುತ್ತೆ, ಕ್ರೇಪ್ ರೇಷ್ಮೆ ಮೈಗೆ ಅಂಟುತ್ತೆ. ಎಐಗೆ ಬಟ್ಟೆಯ ತೂಕ ಗೊತ್ತಿಲ್ಲ. ಎಲ್ಲ ಸೀರೆಯನ್ನೂ ಒಂದೇ ಹದದಲ್ಲಿ ಬೀಳಿಸುತ್ತೆ. ಅದಕ್ಕೇ ಮೈ ಮೇಲೆ ಉಡಿಸಿದ ಫೋಟೊ ನಿಜವಾದದ್ದೇ ಆಗಬೇಕು. ಎಲ್ಲದಕ್ಕೂ ಬೇಡ. ಬೆಲೆ ಬಾಳೋ ಮಾಲಿಗೆ, ಕೈಮಗ್ಗಕ್ಕೆ.

ಹಿರಿಯರು: ಇದನ್ನ ನಾನು ಒಪ್ತೀನಿ. ಹಾಗಾದ್ರೆ ಕೊಟೇಶನ್ ಎರಡು ಭಾಗ ಮಾಡು. ಮಾಮೂಲಿ ಸೀರೆ ಅವರೇ ಎಐನವನ ಹತ್ರ ಮಾಡಿಸ್ಕೊಳ್ಳಲಿ, ನೀನು ಅದರ ತಂಟೆಗೆ ಹೋಗಬೇಡ. ಕೈಮಗ್ಗದ್ದು, ರೇಷ್ಮೆ, ಜರಿ, ಇವು ನಿನ್ನದು. ದರ ಇಳಿಸಬೇಡ, ಸ್ವಲ್ಪ ಏರಿಸು. ಸೀರೆ ಸಂಖ್ಯೆ ಕಮ್ಮಿ ಆಗುತ್ತೆ, ಒಬ್ಬ ಹುಡುಗನಿಗೆ ಬೇರೆ ಕೆಲಸ ಹುಡುಕಬೇಕಾಗಬಹುದು. ಅದು ನೋವಿನ ಮಾತೇ. ಆದ್ರೆ ಇಬ್ಬರನ್ನೂ ಇಟ್ಕೊಂಡು ಅಂಗಡಿ ಮುಳುಗಿಸೋದು ಧರ್ಮ ಅಲ್ಲ.

ಕಿರಿಯಳು: ಇಬ್ಬರಲ್ಲಿ ಒಬ್ಬನಿಗೆ ಬಣ್ಣ ಕೂರಿಸೋದು ಚೆನ್ನಾಗಿ ಬರುತ್ತೆ. ಎಐನವರು ಮಾಡಿದ ಚಿತ್ರವನ್ನ ಸೀರೆ ಪಕ್ಕ ಇಟ್ಟು ತಾಳೆ ನೋಡಿ ತಪ್ಪು ಹಿಡಿಯೋ ಕೆಲಸ ಅಂತ ಒಂದು ಇಟ್ರೆ? ಮಾಮೂಲಿ ಮಾಲಿಗೆ ಅದನ್ನೇ ಒಂದು ದರಕ್ಕೆ ಕೊಡಬಹುದು. ಫೋಟೊ ಅವರದ್ದು, ಪರೀಕ್ಷೆ ನಮ್ಮದು.

ಹಿರಿಯರು: ಹ್ಞಾ, ಇದು ವ್ಯಾಪಾರದ ಮಾತು. ನನ್ನ ತಲೆಗೆ ಹೊಳೆದಿರಲಿಲ್ಲ. ಆದ್ರೆ ದುಡ್ಡು ಕೊಡ್ತಾರೋ ಇಲ್ಲವೋ ಒಂದು ಸೀಸನ್ ನೋಡು. ಕೊಡದಿದ್ರೆ ಬಿಟ್ಟುಬಿಡು, ಹಟ ಮಾಡಬೇಡ. ಈಗ ಚೀಟಿ. ಏನು ಬರೀತೀಯ?

ಕಿರಿಯಳು: ಮೊದಲನೆಯದು, ಈ ಫೋಟೊಗಳನ್ನ ಎಐಗೆ ಕೊಟ್ಟು ಬೇರೆ ಚಿತ್ರ ಮಾಡಿಸೋದಾದ್ರೆ ನನ್ನ ಒಪ್ಪಿಗೆ, ಬೇರೆ ದರ. ಎರಡನೆಯದು, ಕಾಪಿರೈಟ್ ನನ್ನದು, ಬಳಸೋ ಹಕ್ಕು ಇಂತಿಷ್ಟು ಕಾಲ ಅವರದ್ದು. ಮೂರನೆಯದು, ಅರ್ಧ ದುಡ್ಡು ಮುಂಗಡ. ನಾಲ್ಕನೆಯದು, ಫೋಟೊದ ಬಣ್ಣಕ್ಕೂ ಸೀರೆಗೂ ತಾಳೆ ಇಲ್ಲ ಅಂತ ಮಾಲು ವಾಪಸ್ ಬಂದ್ರೆ ಮತ್ತೆ ಶೂಟ್ ನಮ್ಮ ಖರ್ಚಲ್ಲಿ.

ಹಿರಿಯರು: ನಾಲ್ಕನೆಯದು ಧೈರ್ಯದ ಮಾತು. ಎಐನವನಿಗೆ ಅದನ್ನ ಬರೆಯೋಕಾಗೋದಿಲ್ಲ, ಅದಕ್ಕೇ ಅದನ್ನ ಎಲ್ಲಕ್ಕಿಂತ ಮೇಲೆ ಬರಿ. ಆದ್ರೆ ಕೊಳ್ಳೋರ ಫೋನಿನ ಪರದೆ ಒಂದೊಂದೂ ಒಂದೊಂದು ಬಣ್ಣ ತೋರಿಸುತ್ತೆ. ನಿನ್ನ ಕಾರ್ಡ್ ಇಟ್ಟು ಹೊಡೆದ ಮೊದಲ ಫೋಟೊಕ್ಕೆ ಹೋಲಿಸಿ ತೀರ್ಮಾನ ಅಂತ ಸೇರಿಸು, ಇಲ್ಲದಿದ್ರೆ ಊರಿನವರೆಲ್ಲರ ದೂರು ನಿನ್ನ ತಲೆಗೆ ಬರುತ್ತೆ.

ಕಿರಿಯಳು: ಸೇರಿಸ್ತೀನಿ. ದರ ಎಷ್ಟು ಹಾಕಲಿ?

ಹಿರಿಯರು: ಹೊಣೆ ಹೊತ್ತ ಮೇಲೆ ವರ್ಷಕ್ಕೆ ಒಂದಷ್ಟು ಸೀರೆ ಪುಕ್ಕಟೆ ತೆಗೆಯಲೇಬೇಕಾಗುತ್ತೆ. ಮಾಡೆಲ್ಲು, ಮೇಕಪ್ಪು, ಕರೆಂಟು, ಟ್ಯಾಕ್ಸಿನ ಜೊತೆ ಅದರ ಖರ್ಚನ್ನೂ ಆ 12,350ರ ಕೆಳಗೆ ಇನ್ನೊಂದು ಸಾಲಾಗಿ ಬರೆದು, ಮತ್ತೆ ಕೂಡಿಸು. ಬಂದದ್ದೇ ನಿನ್ನ ದರ. ಅದಕ್ಕಿಂತ ಒಂದು ರೂಪಾಯಿ ಕಮ್ಮಿಗೆ ಒಪ್ಪಿದ್ರೂ ಚೀಟಿಯ ಆ ನಾಲ್ಕನೇ ಕರಾರನ್ನ ಹೊಡೆದುಹಾಕಿ ಕಳಿಸು.